ಕಾರ್ಡ್ ಸಾಲಕ್ಕೆ ಯಾವ ದಾರಿ? ನಾವಿಬ್ಬರೂ ಮಾಡಿ ನೋಡಿದ ಹೋಲಿಕೆ

ನಮ್ಮ ಮನೆಯಲ್ಲಿ ಆರು ಕ್ರೆಡಿಟ್ ಕಾರ್ಡ್ ಇದ್ದವು. ಮೂರು ನನ್ನವು, ಮೂರು ಹೆಂಡತಿಯವು. ಒಂದು ಹಂತದಲ್ಲಿ ಆರರಲ್ಲೂ ಬಾಕಿ ಇತ್ತು. ಇಬ್ಬರ ಸಾಲವೂ ಹೆಚ್ಚುಕಮ್ಮಿ ಒಂದೇ, ತಲಾ ಎರಡು ಲಕ್ಷ. ತೀರಿಸಬೇಕು ಅಂತ ಕೂತಾಗ ಇಬ್ಬರ ಮಾತೂ ಕೂಡಲಿಲ್ಲ. ಹಾಗಾಗಿ ಅವಳು ಒಂದು ದಾರಿ ಹಿಡಿದಳು, ನಾನು ಇನ್ನೊಂದು. ಮುಂದೆ ಇನ್ನೂ ಎರಡು ದಾರಿ ನೋಡಿದೆವು. ಅವುಗಳಲ್ಲಿ ಯಾವುದು ಕಾಗದದ ಮೇಲೆ ಚೆನ್ನಾಗಿತ್ತು, ಯಾವುದು ನಿಜವಾಗಿ ನಡೆಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ನಾವು ವರ್ಷಗಟ್ಟಲೆ ಮಾಡಿದ ಕೆಲಸ ಒಂದಿದೆ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ ಅಲ್ವಾ, ಪೂರ್ತಿ ಬಾಕಿ ಮತ್ತು ಕನಿಷ್ಠ ಪಾವತಿ. ನಾವು ಆ ಎರಡನೆಯದನ್ನೇ ಕಟ್ಟುತ್ತಾ ಬಂದೆವು. ಒಂದು ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆ. 1,00,000 ಬಾಕಿ, ತಿಂಗಳಿಗೆ ಶೇ. 3 ಬಡ್ಡಿ. ಬಡ್ಡಿ ಸೇರಿ 1,03,000 ಆಯಿತು. ಅದರ ಶೇ. 5 ಕನಿಷ್ಠ ಪಾವತಿ, ಅಂದರೆ 5,150. ಕಟ್ಟಿದ ಮೇಲೆ ಉಳಿದದ್ದು 97,850. ಐದು ಸಾವಿರಕ್ಕೂ ಜಾಸ್ತಿ ಕೈಬಿಟ್ಟರೂ ಸಾಲ ಇಳಿದದ್ದು 2,150 ಮಾತ್ರ. ಹೊಸದಾಗಿ ಒಂದು ಪೈಸೆಯ ವಸ್ತುವನ್ನೂ ಕೊಳ್ಳದೆ ಹೀಗೇ ಕಟ್ಟುತ್ತಾ ಹೋದರೆ ಸಾಲ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ಅಷ್ಟರಲ್ಲಿ ಕಟ್ಟಿದ್ದು ಸುಮಾರು 1,20,000. ಆದರೂ 50,000 ಹಾಗೇ ಬಾಕಿ. ಆ ಚೀಟಿಯನ್ನು ಹೆಂಡತಿಗೆ ತೋರಿಸಿದೆ. ಅವಳು ತುಂಬ ಹೊತ್ತು ಏನೂ ಮಾತಾಡಲಿಲ್ಲ.

ಶೇ. 3 ಅಂದರೆ ಕೇಳೋಕೆ ಚಿಕ್ಕದು. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಅದು ಶೇ. 42 ದಾಟುತ್ತದೆ.

ಸರಿ, ದಾರಿಗಳಿಗೆ ಬರೋಣ. ನಾನು ಹಿಡಿದದ್ದು ಬಡ್ಡಿ ಜಾಸ್ತಿ ಇರುವ ಕಾರ್ಡನ್ನು ಮೊದಲು ಮುಗಿಸುವ ಕ್ರಮ. ಬೇರೆ ಕಾರ್ಡುಗಳಿಗೆ ಕನಿಷ್ಠ ಮಾತ್ರ, ಮಿಕ್ಕ ದುಡ್ಡೆಲ್ಲ ಆ ಒಂದಕ್ಕೆ. ನನ್ನ ಮೂರು ಕಾರ್ಡುಗಳಲ್ಲಿ 20 ಸಾವಿರ ಶೇ. 2.5ಕ್ಕೆ, 60 ಸಾವಿರ ಶೇ. 3.5ಕ್ಕೆ, 1 ಲಕ್ಷ 20 ಸಾವಿರ ಶೇ. 3ಕ್ಕೆ ಇತ್ತು. ಹಾಗಾಗಿ 60 ಸಾವಿರದ್ದನ್ನು ಹಿಡಿದೆ. ಹೆಂಡತಿ ಬಡ್ಡಿಯ ಕಡೆ ನೋಡಲೇ ಇಲ್ಲ. ಅತಿ ಚಿಕ್ಕ ಬಾಕಿ ಯಾವುದೋ ಅದನ್ನು ಮೊದಲು ಮುಗಿಸುತ್ತೇನೆ ಅಂದಳು.

ಲೆಕ್ಕದಲ್ಲಿ ನಾನೇ ಸರಿ. ಆದರೆ ಎಷ್ಟು ಸರಿ ಅನ್ನುವುದು ಮುಖ್ಯ. ನನ್ನ ಮೂರೂ ಕಾರ್ಡಿಗೆ ಸೇರಿ ತಿಂಗಳಿಗೆ 15,000 ಕಟ್ಟಿದರೆ ಸುಮಾರು ಒಂದೂವರೆ ವರ್ಷ ಬೇಕು, ಬಡ್ಡಿ 60 ಸಾವಿರ ದಾಟುತ್ತದೆ. ಎರಡು ಕ್ರಮಕ್ಕೂ ನಡುವಿನ ವ್ಯತ್ಯಾಸ ಮಾತ್ರ 2,000ದ ಆಸುಪಾಸು. ಇಷ್ಟಕ್ಕಾಗಿ ನಾವು ಅಷ್ಟೊಂದು ವಾದ ಮಾಡಿದ್ದೆವು! ಬಡ್ಡಿ ದರಗಳ ಅಂತರ ದೊಡ್ಡದಿದ್ದರೆ ಅಥವಾ ಬಡ್ಡಿ ಜಾಸ್ತಿ ಇರುವ ಕಾರ್ಡಿನಲ್ಲೇ ಸಾಲವೂ ದೊಡ್ಡದಿದ್ದರೆ ಮಾತು ಬೇರೆ. ಆಗ ಕಣ್ಣು ಮುಚ್ಚಿ ನನ್ನ ಕ್ರಮವನ್ನೇ ಹಿಡಿಯಿರಿ.

ನಡೆದದ್ದು ಏನು ಅಂದರೆ, ನಾಲ್ಕನೇ ತಿಂಗಳಿಗೆ ಹೆಂಡತಿಯ ಒಂದು ಕಾರ್ಡ್ ಸೊನ್ನೆಗೆ ಬಂತು. ಆ ಬಿಲ್ಲನ್ನು ಅವಳು ಮಡಚಿ ಡೈರಿಯೊಳಗೆ ಇಟ್ಟುಕೊಂಡಳು. ಆ ಕಾರ್ಡಿಗೆ ಹೋಗುತ್ತಿದ್ದ ದುಡ್ಡು ಮುಂದಿನ ತಿಂಗಳಿಂದ ಎರಡನೇ ಕಾರ್ಡಿಗೆ ಹೋಯಿತು. ನನಗೆ ನಾಲ್ಕು ತಿಂಗಳಾದರೂ ಮೂರು ಬಿಲ್ ಬರುವುದು ನಿಲ್ಲಲಿಲ್ಲ. ಐದನೇ ತಿಂಗಳು ಸುಮ್ನೆ ಕನಿಷ್ಠ ಕಟ್ಟಿ ಕೈಬಿಟ್ಟೆ. ಬೇಸರ ಬಂದಿತ್ತು, ಅಷ್ಟೇ. ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ ಎಂಬ ಇಬ್ಬರು ಸಂಶೋಧಕರು 2012ರಲ್ಲಿ ಇದನ್ನೇ ಹೇಳಿದ್ದಾರೆ. ಸಾಲದ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದವರು ಪೂರ್ತಿ ಸಾಲ ತೀರಿಸುವ ಸಾಧ್ಯತೆ ಜಾಸ್ತಿ ಅಂತ ಅವರಿಗೆ ಕಂಡಿತ್ತು. ಹೆಂಡತಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂರನೆಯದು ಬಾಕಿ ವರ್ಗಾವಣೆ. ಬೇರೆ ಬ್ಯಾಂಕಿನ ಹೊಸ ಕಾರ್ಡಿಗೆ ಸಾಲ ಸಾಗಿಸುವುದು. ಆರು ತಿಂಗಳು ಬಡ್ಡಿ ಇಲ್ಲ, ಶುಲ್ಕ ಶೇ. 3. ನನ್ನ ದೊಡ್ಡ ಕಾರ್ಡಿನಿಂದ ಒಂದು ಲಕ್ಷ ಸಾಗಿಸಿದೆ. ಶುಲ್ಕ 3,000, ಅಂದರೆ ಹಳೆ ಕಾರ್ಡಿನ ಒಂದು ತಿಂಗಳ ಬಡ್ಡಿಯಷ್ಟೇ. ಒಂದು ತಿಂಗಳ ಬಡ್ಡಿ ಕೊಟ್ಟು ಆರು ತಿಂಗಳು ಆರಾಮ. ಇದಕ್ಕಿಂತ ಒಳ್ಳೆಯದು ಏನಿದೆ ಅಂದುಕೊಂಡೆ. ಎರಡು ಕಡೆ ಕೈ ಸುಟ್ಟುಕೊಂಡೆ.

ಒಂದು, ಆರು ತಿಂಗಳಲ್ಲಿ ಲಕ್ಷ ತೀರಬೇಕಾದರೆ ತಿಂಗಳಿಗೆ 16,667 ಬೇಕು. ಬೇರೆ ಬಾಕಿಗಳನ್ನೂ ಕಟ್ಟುತ್ತಾ ನನ್ನ ಕೈಯಲ್ಲಿ ಅಷ್ಟು ಆಗಲಿಲ್ಲ. ಅವಧಿ ಮುಗಿದಾಗ 40 ಸಾವಿರ ಉಳಿದಿತ್ತು. ಅದರ ಮೇಲೆ ಮಾಮೂಲಿ ಬಡ್ಡಿ ಶುರುವಾಯಿತು.

ಎರಡನೆಯದು ಇನ್ನೂ ನೋವಿನದು. ಹಳೆ ಕಾರ್ಡಿನಲ್ಲಿ ಒಂದು ಲಕ್ಷದಷ್ಟು ಜಾಗ ಖಾಲಿಯಾಯಿತಲ್ಲ, ಅದು ನನಗೆ ದುಡ್ಡಿನ ಹಾಗೇ ಕಂಡಿತು. ಗಾಡಿ ರಿಪೇರಿಗೆ ಬಂತು, ಉಜ್ಜಿದೆ. ಮಗಳಿಗೆ ಹಲ್ಲಿನ ಚಿಕಿತ್ಸೆ, ಉಜ್ಜಿದೆ. ಎರಡೂ ಬೇಕಾದ ಖರ್ಚೇ. ಆದರೆ ಮೂರು ತಿಂಗಳಲ್ಲಿ ಅಲ್ಲಿ ಮತ್ತೆ 35 ಸಾವಿರ ಕೂತಿತ್ತು. ಅದೂ ಸಾಲದೆಂಬಂತೆ, ಹಳೆ ಬಾಕಿ ಇರುವ ಕಾರ್ಡಿನಲ್ಲಿ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಉಜ್ಜಿದ ದಿನದಿಂದಲೇ ಬಡ್ಡಿ. ಇದನ್ನು ನಾನು ಬಿಲ್ ನೋಡಿ ಕಲಿತೆ. ನೀವು ಇಲ್ಲೇ ಕಲಿತುಕೊಳ್ಳಿ ಅನ್ನುವುದೇ ನನ್ನ ಆಸೆ.

ಕಾರ್ಡಿನ ಬಾಕಿಯನ್ನೇ ಕಂತಿಗೆ ಬದಲಿಸುವ ಸೌಲಭ್ಯದ ಬಗ್ಗೆ ಒಂದೇ ಮಾತು. ಬಡ್ಡಿ ಇಳಿಯುವ ಬಾಕಿಯ ಮೇಲೋ, ಮೊದಲ ಮೊತ್ತದ ಮೇಲೋ ಕೇಳಿ. ಫ್ಲ್ಯಾಟ್, ಅಂದರೆ ಮೊದಲ ಮೊತ್ತದ ಮೇಲೆ, ಶೇ. 12 ಅಂದರೆ, ಹನ್ನೆರಡು ಕಂತಿನ ಸಾಲಕ್ಕೆ ನಿಜವಾದ ದರ ಶೇ. 21ಕ್ಕೂ ಮೇಲೆ. ಕೇಳಿದ ಮೇಲೆ ನಾವು ಅದರ ಕಡೆ ಹೋಗಲಿಲ್ಲ.

ಕೊನೆಗೆ ನಾವು ಬಂದದ್ದು ಪರ್ಸನಲ್ ಲೋನಿಗೆ. ಆರು ಕಾರ್ಡಿನಲ್ಲಿ ಉಳಿದಿದ್ದ ಬಾಕಿಯನ್ನೆಲ್ಲ ಒಂದು ಸಾಲದಿಂದ ತೀರಿಸಿ, ಆ ಒಂದನ್ನೇ ಕಂತಿನಲ್ಲಿ ಕಟ್ಟುವುದು. ಸಿಕ್ಕಿದ್ದು ವರ್ಷಕ್ಕೆ ಶೇ. 16ರ ದರ. ಒಂದು ಲಕ್ಷಕ್ಕೆ ಎರಡು ವರ್ಷದ ಲೆಕ್ಕ ನೋಡಿ. ಲೋನಿನಲ್ಲಿ ಕಂತು ಸುಮಾರು 4,900, ಒಟ್ಟು ಬಡ್ಡಿ 17,500. ಅದೇ ಸಾಲವನ್ನು ಶೇ. 3ರ ಕಾರ್ಡಿನಲ್ಲೇ ಇಟ್ಟು ಎರಡು ವರ್ಷದಲ್ಲಿ ಮುಗಿಸಬೇಕಾದರೆ ತಿಂಗಳಿಗೆ 5,900 ಬೇಕು, ಬಡ್ಡಿಯೇ 41,700. ಇಲ್ಲಿ ವ್ಯತ್ಯಾಸ 24 ಸಾವಿರ. ಯಾವ ಕಾರ್ಡ್ ಮೊದಲು ಅನ್ನುವ ಜಗಳದ 2,000 ಎಲ್ಲಿ, ಇದೆಲ್ಲಿ! ಬಡ್ಡಿ ದರವನ್ನೇ ಇಳಿಸುವ ದಾರಿ ಸಿಕ್ಕರೆ ಅದಕ್ಕೆ ಬೇರೆ ಯಾವುದೂ ಸಾಟಿಯಿಲ್ಲ.

ಆದರೆ ವರ್ಗಾವಣೆಯಲ್ಲಿ ಆದದ್ದು ಇಲ್ಲೂ ಆಗಬಹುದಿತ್ತು. ಲೋನ್ ಬಂದ ದಿನ ಆರೂ ಕಾರ್ಡ್ ಖಾಲಿ, ಎಲ್ಲದರ ಮಿತಿಯೂ ಪೂರ್ತಿ ಬಳಕೆಗೆ ಸಿದ್ಧ. ಈ ಸಲ ಹೆಂಡತಿ ಮೊದಲೇ ಷರತ್ತು ಹಾಕಿದ್ದಳು. ಅದೇ ವಾರ ನಾಲ್ಕು ಕಾರ್ಡ್ ರದ್ದು ಮಾಡಿದೆವು. ಒಂದು ಕಡೆ ಪೂರ್ತಿ ಕಟ್ಟಿದ ಮೇಲೂ ಚಿಕ್ಕ ಬಡ್ಡಿ ಬಾಕಿ ತೋರಿಸಿತು. ಕೊನೆಯ ಬಿಲ್ ದಿನದಿಂದ ನಾವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಅದನ್ನೂ ಕಟ್ಟಿ, ಬಾಕಿ ಇಲ್ಲವೆಂದು ಬರವಣಿಗೆಯಲ್ಲಿ ತೆಗೆದುಕೊಂಡೆವು. ಮಿಕ್ಕ ಎರಡರ ಮಿತಿಯನ್ನು ಒಂದು ತಿಂಗಳ ಮನೆ ಖರ್ಚಿನಷ್ಟಕ್ಕೆ ಇಳಿಸಲು ಕೇಳಿದೆವು. ಜೊತೆಗೆ ಲೋನಿನ ಮೊದಲ ಕಂತಿಗೂ ಮುಂಚೆ ಬೇರೆ ಖಾತೆಯಲ್ಲಿ ಸ್ವಲ್ಪ ದುಡ್ಡು ಹಾಕಿದೆವು, ಗಾಡಿ, ಹಲ್ಲು, ಇಂಥದ್ದಕ್ಕೆ.

ಎಲ್ಲರಿಗೂ ಇಷ್ಟು ದರಕ್ಕೆ ಲೋನ್ ಸಿಗುವುದಿಲ್ಲ, ಗೊತ್ತು. ಕಂತುಗಳು ತಪ್ಪಿ ಕ್ರೆಡಿಟ್ ಸ್ಕೋರ್ ಇಳಿದಿದ್ದರೆ ಕೇಳುವ ಬಡ್ಡಿಯೂ ಏರುತ್ತದೆ. ಅಂಥವರಿಗೆ ಹೆಂಡತಿಯ ಕ್ರಮವನ್ನೇ ಹೇಳುತ್ತೇನೆ. ಚಿಕ್ಕದನ್ನು ಮೊದಲು ಮುಗಿಸಿ, ಮುಗಿದ ಕಾರ್ಡನ್ನು ಅಂದೇ ಮುಚ್ಚಿ, ಆ ದುಡ್ಡನ್ನು ಮುಂದಿನದಕ್ಕೆ ಹಾಕಿ.

ಈಗ ಏಳು ಕಂತು ಬಾಕಿ ಇವೆ. ಉಳಿಸಿಕೊಂಡ ಎರಡು ಕಾರ್ಡಿಗೂ ಪೂರ್ತಿ ಬಾಕಿಯೇ ಖಾತೆಯಿಂದ ತಾನಾಗಿ ಹೋಗುವ ಹಾಗೆ ಮಾಡಿದ್ದೇವೆ. ಹೋದ ತಿಂಗಳು ಗಾಡಿ ಮತ್ತೆ ಕೆಟ್ಟಿತು. ದುಡ್ಡು ಆ ಬೇರೆ ಖಾತೆಯಿಂದ ಹೋಯಿತು.