ಅರ್ಧ ಇಂಚಿನ ಪೋರ್ಟಿಗೆ ಯಾವ ಸೀಲು: ಟೇಪು, ಡೌಟಿ, ಓ-ರಿಂಗು, ಫೆರೂಲು

ಆಯಿಲಿಗೆ ಒತ್ತಡ ಕೊಡುವ ಹೈಡ್ರಾಲಿಕ್ ಪವರ್‌ಪ್ಯಾಕಿನ ಒಂದು ಜಾಯಿಂಟಿನಿಂದ ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ಆಯಿಲ್ ನೆಲದ ಪಾಲು. ಸಂಡೂರಿನ ಗಣಿಗಳ ಕಡೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಒದ್ದೆ ಜಾಗಕ್ಕೆ ಅದಿರಿನ ಕೆಂಪು ಧೂಳು ಮೆತ್ತಿಕೊಂಡು, ಮುಂದಿನ ಸಲ ಜಾಯಿಂಟ್ ಬಿಚ್ಚಿದಾಗ ಸೀದಾ ವಾಲ್ವಿನೊಳಗೆ ಇಳಿಯುತ್ತದೆ.

ಪೋರ್ಟು ಅಂದರೆ ಬ್ಲಾಕಿನಲ್ಲಿ ಪೈಪು ಬಂದು ಸೇರುವ ತೂತು. ಅದನ್ನು ಸೀಲು ಮಾಡುವ ನಾಲ್ಕೂ ವಿಧಾನಗಳನ್ನು ಒಂದೇ ಎಂ.ಎಸ್. (ಮೈಲ್ಡ್ ಸ್ಟೀಲ್) ಬ್ಲಾಕಿನ ಮೇಲೆ ಕಟ್ಟಿ ನೋಡಿದ್ದೇವೆ. 46 ಗ್ರೇಡ್ ಆಯಿಲ್, 65 ಡಿಗ್ರಿ ಬಿಸಿ, ಕೆಲಸದ ಒತ್ತಡ 200 ಬಾರ್, ಪರೀಕ್ಷೆಗೆ ಅದರ ಒಂದೂವರೆ ಪಟ್ಟು ಅಂದರೆ 300. ಪ್ರತಿಯೊಂದನ್ನೂ ಹತ್ತು ಸಲ ಬಿಚ್ಚಿ ಕಟ್ಟಿದ್ದು. ನೋಡಬೇಕಾದ್ದು ಒಂದೇ: ಒತ್ತಡವನ್ನು ಹಿಡಿದು ನಿಲ್ಲುವವರು ಯಾರು, ಆಯಿಲನ್ನು ತಡೆಯುವವರು ಯಾರು? ಎರಡೂ ಕೆಲಸ ಒಬ್ಬರ ಮೇಲೇ ಬಿದ್ದ ಕಡೆ ಸೋರಿಕೆ ಬೇಗ ಬರುತ್ತದೆ.

ತುದಿಗೆ ಸಣ್ಣಗಾಗುತ್ತ ಹೋಗುವ ಟೇಪರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತುವುದು ಆ ಥರದ್ದು. ಥ್ರೆಡ್ಡೇ ಹಿಡಿಯಬೇಕು, ಥ್ರೆಡ್ಡೇ ತಡೆಯಬೇಕು. ಎರಡು ಥ್ರೆಡ್ಡುಗಳ ತುದಿಗೂ ಬುಡಕ್ಕೂ ನಡುವೆ ತಿರುಪಿನಂತೆ ಸಾಗುವ ಒಂದು ಸಣ್ಣ ದಾರಿ ಉಳಿದಿರುತ್ತದೆ, ಟೇಪು ತುಂಬಬೇಕಾದ್ದು ಅದನ್ನು. ಮೊದಲ ಎರಡು ಥ್ರೆಡ್ ಖಾಲಿ ಬಿಟ್ಟು, ಥ್ರೆಡ್ ಬಿಗಿಯುವ ದಿಕ್ಕಿನಲ್ಲೇ ಎರಡು ಮೂರು ಸುತ್ತು ಸಾಕು. ತುದಿವರೆಗೆ ಸುತ್ತಿದರೆ ಚೂರುಗಳು ಕಿತ್ತುಹೋಗಿ ವಾಲ್ವಿನೊಳಗೆ ಜಾರುವ ಸ್ಪೂಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಎಲ್ಬೋ ಕೂರಬೇಕಾದ ದಿಕ್ಕಿಗೆ ಬರಲಿಲ್ಲವೆಂದು ಕಾಲು ಸುತ್ತು ಹಿಂದೆ ತಿರುಗಿಸಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಬಿಚ್ಚಿ ಹೊಸದಾಗಿ ಸುತ್ತಬೇಕು. ಸೋರುತ್ತದೆಂದು ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿದರೆ ಟೇಪರ್ ಥ್ರೆಡ್ ಬೆಣೆಯಂತೆ ಒಳಹೊಕ್ಕು ಬೀಡಿನ ವಾಲ್ವನ್ನೇ ಸೀಳುತ್ತದೆ.

ಇನ್ನೊಂದು ಮೋಸ ಇದಕ್ಕಿಂತ ಕೆಟ್ಟದ್ದು. ಅರ್ಧ ಇಂಚಿನ ಬಿ.ಎಸ್.ಪಿ.ಗೂ (ಬ್ರಿಟಿಷ್ ಪೈಪ್ ಥ್ರೆಡ್) ಎನ್.ಪಿ.ಟಿ.ಗೂ (ಅಮೆರಿಕದ ಪೈಪ್ ಥ್ರೆಡ್) ಇಂಚಿಗೆ 14 ಥ್ರೆಡ್ಡೇ. ಮುಕ್ಕಾಲು ಇಂಚಿಗೂ ಹಾಗೆಯೇ. ಆದರೆ ಒಂದರ ಕೋನ 55 ಡಿಗ್ರಿ, ಇನ್ನೊಂದರದ್ದು 60. ಸರಿಯಾಗಿಯೇ ಕೂತಂತೆ ಅನಿಸುತ್ತದೆ, ಟೇಪು ಇದ್ದರಂತೂ ಕೈಗೆ ಗೊತ್ತೇ ಆಗುವುದಿಲ್ಲ. ಕಾಲು ಇಂಚಿನಲ್ಲಿ 19ಕ್ಕೆ 18 ಇರುವುದರಿಂದ ಬೇಗ ಸಿಕ್ಕಿಬೀಳುತ್ತದೆ. ಥ್ರೆಡ್ ಗೇಜ್ ಇಟ್ಟು ನೋಡದೆ ನಿಪ್ಪಲ್ ಕೊಳ್ಳಬೇಡಿ. ನಮ್ಮ ಪರೀಕ್ಷೆಯಲ್ಲಿ ಟೇಪಿನ ಜಾಯಿಂಟ್ ಮೊದಲ ಸಲ 300 ಬಾರ್ ತಡೆಯಿತು. ನಾಲ್ಕನೇ ಸಲ ಕಟ್ಟಿದಾಗ ಬೆವರತೊಡಗಿತು. ನೀರಿನ ಪೈಪಿಗೆ ಟೇಪು ಇರಲಿ, ಹೊಸ ಹೈಡ್ರಾಲಿಕ್ ಡಿಸೈನಿಗೆ ಬೇಡ.

ಡೌಟಿ ವಾಷರ್ ಬೇರೆ ಮಾತು. ನೇರ ಥ್ರೆಡ್ ಬರೀ ಹಿಡಿಯುತ್ತದೆ, ಉಕ್ಕಿನ ಬಳೆಗೆ ಒಳಗಡೆ ಅಂಟಿಸಿದ ರಬ್ಬರ್ ತುಟಿ ತಡೆಯುತ್ತದೆ. ಅರ್ಧ ಇಂಚಿನದರ ಹೊರ ವ್ಯಾಸ ಸುಮಾರು 28.6 ಮಿ.ಮೀ. ಪೋರ್ಟಿನ ಬಾಯಿಯನ್ನು ಅದಕ್ಕಿಂತ ಒಂದೆರಡು ಮಿ.ಮೀ. ಅಗಲಕ್ಕೆ, ಥ್ರೆಡ್ಡಿಗೆ ಲಂಬವಾಗಿ ಸ್ಪಾಟ್ ಫೇಸ್ ಮಾಡಿರಬೇಕು, ಅಂದರೆ ಚಪ್ಪಟೆಯಾಗಿ ಕೊರೆದಿರಬೇಕು. ಡ್ರಿಲ್ ಹಾಕಿ ಫೈಲಿನಲ್ಲಿ ಉಜ್ಜಿದ ಮುಖದ ಮೇಲೆ ವಾಷರ್ ಒಂದು ಬದಿಗೆ ಮಾತ್ರ ಒತ್ತುತ್ತದೆ. ಲೇತಿನ ದುಂಡು ಗೆರೆ ಇದ್ದರೆ ತೊಂದರೆಯಿಲ್ಲ, ಒಳಗಿನಿಂದ ಹೊರಗೆ ಎಳೆದ ಒಂದೇ ಒಂದು ಗೀರು ಸಾಕು ಸೋರಲು. ಬಣ್ಣದ ಮೇಲೆ ಕೂರಿಸಿದರೆ, ಬಿಸಿಗೆ ಬಣ್ಣ ಮೆತ್ತಗಾಗಿ ಬಿಗಿ ಸಡಿಲಾಗುತ್ತದೆ. ವಾಷರ್ ಬದಿಗೆ ಸರಿದು ತುಟಿ ಥ್ರೆಡ್ಡಿಗೆ ಸಿಕ್ಕಿ ಕತ್ತರಿಸಿಹೋಗುವುದೂ ಉಂಟು; ತಾನೇ ನಡುವಿಗೆ ಕೂರುವ ಮಾದರಿಯೂ ಸಿಗುತ್ತದೆ, ಅದನ್ನೇ ಕೇಳಿ. ಬಿಚ್ಚಿದಾಗಲೆಲ್ಲ ಹೊಸದು ಹಾಕಿದರೆ ಹತ್ತೂ ಸಲ ಒಣಗಿಯೇ ಇತ್ತು.

ಓ-ರಿಂಗ್ ಎಂಬ ದುಂಡು ರಬ್ಬರ್ ಬಳೆ ಕೂರುವ ಫ್ಲೇಂಜಿಗೆ (ಬೋಲ್ಟಿನಲ್ಲಿ ಬಿಗಿಯುವ ತಟ್ಟೆ) ಲೇತಿನ ಕೆಲಸ ಹೆಚ್ಚು, ತಲೆನೋವು ಕಡಿಮೆ, ಲೆಕ್ಕ ಸರಿಯಿದ್ದರೆ ಮಾತ್ರ. 3.53 ಮಿ.ಮೀ. ದಪ್ಪದ ರಿಂಗಿಗೆ ಗ್ರೂವಿನ ಆಳ 2.65, ಅಗಲ 4.6 ಇಡಿ. ರಿಂಗು ಕಾಲು ಭಾಗದಷ್ಟು ಅಮುಕಿಹೋಗುತ್ತದೆ. ಅಗಲ ಯಾಕೆ ಅಷ್ಟು ಎಂದು ಟರ್ನರ್ ಕೇಳಿದರೆ ಈ ಲೆಕ್ಕ ತೋರಿಸಿ: ರಬ್ಬರ್ ಆಕಾರ ಬದಲಿಸುತ್ತದೆಯೇ ಹೊರತು, ನೀರು ಹೇಗೋ ಹಾಗೆ, ಅದೂ ಕುಗ್ಗುವುದಿಲ್ಲ. ರಿಂಗಿನ ಅಡ್ಡಕೊಯ್ತ 9.8 ಚದರ ಮಿ.ಮೀ., ಗ್ರೂವಿನದು 12.2, ಶೇ 80 ತುಂಬಿತು. ಅಗಲ 4ಕ್ಕೆ ಇಳಿಸಿದರೆ ಶೇ 92. ಆಯಿಲ್ ಕುಡಿದು, ಬಿಸಿಗೆ ಉಬ್ಬಿದ ರಿಂಗಿಗೆ ಜಾಗವಿಲ್ಲದೆ ಅದು ಸಂದಿಯಿಂದ ಹೊರಬಂದು ಇಲಿ ಕಡಿದಂತೆ ಹರಿಯುತ್ತದೆ. ಒತ್ತಡ ಒಳಗಿನಿಂದ ಬರುವುದರಿಂದ ಗ್ರೂವಿನ ಹೊರ ಗೋಡೆಗೆ ರಿಂಗಿನ ಹೊರ ವ್ಯಾಸ ತಾಗಿಯೇ ಇರಬೇಕು. ಒಳ ಗೋಡೆಗೆ ಅಳತೆ ಹಿಡಿದರೆ ಪ್ರತಿ ಸ್ಟ್ರೋಕಿಗೂ ರಿಂಗು ಹಿಗ್ಗಿ ಕುಗ್ಗಿ ಸವೆಯುತ್ತದೆ.

ಬೋಲ್ಟನ್ನೂ ಮರೆಯಬೇಡಿ. ರಿಂಗಿನ ಹೊರ ವ್ಯಾಸ 32 ಮಿ.ಮೀ. ಇದ್ದರೆ 300 ಬಾರ್‌ನಲ್ಲಿ ಫ್ಲೇಂಜನ್ನು ಎತ್ತುವ ಬಲ ಸುಮಾರು 2,460 ಕಿಲೋ. 8.8 ಗ್ರೇಡಿನ ನಾಲ್ಕು ಎಂ10 ಬೋಲ್ಟುಗಳನ್ನು 45ರಿಂದ 50 ನ್ಯೂಟನ್ ಮೀಟರಿಗೆ, ಎದುರುಬದುರಾಗಿ ಬಿಗಿದರೆ ಧಾರಾಳ. ತೆಳು ಫ್ಲೇಂಜ್ ಮಾತ್ರ ನಡುವೆ ಬಾಗಿ ಸಂದಿ ಬಿಡುತ್ತದೆ, ಆಗ ರಿಂಗನ್ನು ಬೈದು ಪ್ರಯೋಜನವಿಲ್ಲ. ಸಿಲಿಂಡರ್ ಬೋರಿನಂಥ ಕಡೆ, ವ್ಯಾಸದ ಲೆಕ್ಕದಲ್ಲಿ ಒಟ್ಟು ಸಂದಿ 0.25 ಮಿ.ಮೀ. ಇದ್ದರೆ 70 ಶೋರ್ (ಗಡಸುತನದ ಅಳತೆ) ರಬ್ಬರಿಗೆ 100 ಬಾರೇ ಮಿತಿ. ಅದರಾಚೆ ಸಂದಿ ಕಡಿಮೆ ಮಾಡಿ, ಇಲ್ಲವೇ 90 ಶೋರ್ ಹಾಕಿ, ಇಲ್ಲವೇ ಒತ್ತಡ ಬರುವ ದಿಕ್ಕಿನ ಎದುರು ಬದಿಗೆ ಟೆಫ್ಲಾನ್ ಬ್ಯಾಕಪ್ ರಿಂಗ್ ಇಡಿ.

ಫೆರೂಲು ಅಂದರೆ ನಟ್ಟು ಬಿಗಿದಾಗ ಪೈಪನ್ನು ಕಚ್ಚಿಕೊಳ್ಳುವ ಬಳೆ. ಈ ಜಾಯಿಂಟಿನ ಗುಣವೆಲ್ಲ ಪೈಪು ಕತ್ತರಿಸುವುದರಲ್ಲೇ ಇದೆ. ಸೀಮ್‌ಲೆಸ್ ಪೈಪನ್ನು ಹ್ಯಾಕ್ಸಾದಿಂದ ಚೌಕಾಗಿ ಕೊಯ್ಯಿರಿ; ಚಕ್ರದ ಕಟರ್ ಅಂಚನ್ನು ಒಳಕ್ಕೆ ಮಡಚುತ್ತದೆ. ಬರ್ (ಕೊಯ್ದ ಅಂಚಿನ ಲೋಹದ ಮುಳ್ಳು) ತೆಗೆದು, ಪೈಪನ್ನು ತಳಕ್ಕೆ ಒತ್ತಿ ಹಿಡಿದು, ನಟ್ಟನ್ನು ಕೈಯಲ್ಲಿ ಬಿಗಿದ ಮೇಲೆ ಗುರುತು ಹಾಕಿ ಒಂದೂವರೆ ಸುತ್ತು. ಬಿಚ್ಚಿ ನೋಡಿದರೆ ಫೆರೂಲಿನ ಮುಂದೆ ಪೈಪಿನ ಲೋಹ ಏರಿ ನಿಂತಿರಬೇಕು. ಫೆರೂಲು ಸುತ್ತ ತಿರುಗಿದರೆ ಚಿಂತೆಯಿಲ್ಲ, ಹಿಂದೆ ಮುಂದೆ ಸರಿಯಬಾರದು. ಎಳೆದು ಕೂರಿಸಿದ ಪೈಪೂ ಕ್ಲಾಂಪಿಲ್ಲದ ಪೈಪೂ ಕಂಪನಕ್ಕೆ ಬಿರಿಯುತ್ತವೆ.

ಹೊಸ ಬ್ಲಾಕ್ ಮಾಡಿಸುವವರಿಗೆ ಓ-ರಿಂಗ್ ಫ್ಲೇಂಜು, ಗಣಿಯಲ್ಲಿ ನಿಂತ ಗಾಡಿಗೆ ಡೌಟಿ, ಉದ್ದ ಪೈಪ್‌ಲೈನಿಗೆ ಫೆರೂಲು.

ರಬ್ಬರಿನ ಜಾತಿ ತಪ್ಪಿದರೆ ಮೇಲಿನದ್ದೆಲ್ಲ ದಂಡ. ಕರಿ ರಿಂಗುಗಳೆಲ್ಲ ನೋಡಲು ಒಂದೇ. ಮಿನರಲ್ ಆಯಿಲಿಗೆ 100 ಡಿಗ್ರಿವರೆಗೆ ನೈಟ್ರೈಲ್ ಸಾಕು, ಅದಕ್ಕೂ ಮೇಲೆ ವೈಟಾನ್. ಇ.ಪಿ.ಡಿ.ಎಂ. ಬಿಸಿನೀರಿಗೆ ಒಳ್ಳೆಯದು, ಆಯಿಲಿಗೆ ಹಾಕಿದರೆ ಊದಿಕೊಂಡು ಕೆಡುತ್ತದೆ. ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ಲುಗಳಲ್ಲಿ ಭತ್ತ ಬೇಯಿಸುವ ಸ್ಟೀಮ್ ಲೈನ್ 10 ಕಿಲೋ ಒತ್ತಡದಲ್ಲಿದ್ದರೆ ಸುಮಾರು 184 ಡಿಗ್ರಿ. ಅಲ್ಲಿ ರಬ್ಬರನ್ನೇ ಮರೆತು ಗ್ರ್ಯಾಫೈಟ್ ತುಂಬಿದ ಸ್ಪೈರಲ್ ಗ್ಯಾಸ್ಕೆಟ್ ಹಾಕಿ.

ಪರೀಕ್ಷೆಗೆ ಗಾಳಿ ಬಳಸಬೇಡಿ, ಒಡೆದರೆ ಸಿಡಿಯುತ್ತದೆ. ಆಯಿಲನ್ನೇ ತುಂಬಿ, ಒಳಗಿನ ಗಾಳಿ ಬಿಟ್ಟು, 50 ಬಾರ್‌ನಂತೆ ಏರಿಸಿ. ಸೋರುವ ಜಾಗ ಹುಡುಕಲು ಕೈ ಸವರಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಬಿಗಿಯುವ ಮೊದಲು ಒತ್ತಡವನ್ನು ಸೊನ್ನೆಗೆ ಇಳಿಸಿ.