ನಾಲಿಗೆ ಕೆಳಗಿನ ಗುಳಿಗೆ ಮತ್ತು ಸ್ಪ್ರೇ: ನೈಟ್ರೋಗ್ಲಿಸರಿನ್ ಬಳಸಿದ ಎರಡು ವರ್ಷದ ಅನುಭವ

ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಬೆಳಗಿನ ಜಾವ ಹತ್ತಿ ಇಳಿಯುವುದು ನನ್ನ ಬಹಳ ವರ್ಷಗಳ ರೂಢಿ. ಎರಡು ವರ್ಷಗಳ ಹಿಂದೆ, ಚಳಿಗಾಲದ ಒಂದು ಮುಂಜಾನೆ ಏರಿನ ಅರ್ಧಕ್ಕೆ ಬಂದಾಗ ಎದೆಯ ನಡುವೆ ಕಲ್ಲು ಹೇರಿದಂತಾಗಿ, ಆ ಭಾರ ಎಡಗೈಗೂ ದವಡೆಗೂ ಹರಿಯಿತು. ಕುಳಿತು ಸುಧಾರಿಸಿಕೊಂಡ ಮೇಲೆ ತಾನಾಗಿ ಇಳಿಯಿತು. ಹೃದ್ರೋಗ ತಜ್ಞರು ತಪಾಸಣೆ ಮಾಡಿ, ಇದು ಆಂಜೈನಾ, ಅಂದರೆ ಹೃದಯಕ್ಕೆ ಸಾಕಷ್ಟು ರಕ್ತ ಸಿಗದೆ ಬರುವ ಎದೆನೋವು, ಎಂದು ಹೇಳಿ, ದಿನಾಲೂ ನುಂಗುವ ಗುಳಿಗೆಗಳ ಜೊತೆಗೆ, ನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಅರ್ಧ ಮಿಲಿಗ್ರಾಂ ನೈಟ್ರೋಗ್ಲಿಸರಿನ್ ಬರೆದುಕೊಟ್ಟರು.

ಮೊದಲು ಔಷಧದ ಗುಣವನ್ನು ಹೇಳುತ್ತೇನೆ. ಗುಳಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದು. ನಾಲಿಗೆಯ ಕೆಳಗಿಟ್ಟ ಕೂಡಲೇ ಚುರುಚುರು ಎಂದು ಕರಗತೊಡಗುತ್ತದೆ, ಒಂದರಿಂದ ಮೂರು ನಿಮಿಷದೊಳಗೆ ಎದೆಯ ಭಾರ ಸಡಿಲಗೊಳ್ಳುತ್ತದೆ, ಪರಿಣಾಮ ಸುಮಾರು ಅರ್ಧ ತಾಸು ಉಳಿಯುತ್ತದೆ. ನುಂಗಿದರೆ ಈ ಫಲ ಸಿಗುವುದಿಲ್ಲ, ಏಕೆಂದರೆ ಹೊಟ್ಟೆಯಿಂದ ಹೋದ ಔಷಧದ ಬಹುಭಾಗವನ್ನು ಯಕೃತ್ತು ಮೊದಲೇ ಒಡೆದುಹಾಕುತ್ತದೆ. ದೇಹದೊಳಗೆ ಇದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುವುದರಿಂದ ಹೃದಯದ ದುಡಿಮೆಯೂ ಕಡಿಮೆಯಾಗುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಆಂಜೈನಾಕ್ಕೆ ಇದನ್ನು ಬಳಸಿದ ವರದಿ ಪ್ರಕಟಿಸಿದ್ದು 1879ರಲ್ಲಿ. ನೈಟ್ರಿಕ್ ಆಕ್ಸೈಡಿನ ಈ ಪಾತ್ರವನ್ನು ಗುರುತಿಸಿದ ಮೂವರಿಗೆ ನೊಬೆಲ್ ಬಂದದ್ದು 1998ರಲ್ಲಿ. ಡೈನಮೈಟಿನಲ್ಲಿರುವುದೂ ಇದೇ ರಾಸಾಯನಿಕ ಎಂದು ಕೇಳಿ ನನ್ನ ಹೆಂಡತಿ ಮೊದಲು ಬೆದರಿದ್ದಳು. ಗುಳಿಗೆಯಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಬೇರೆ ಪುಡಿಯೊಂದಿಗೆ ಬೆರೆತಿರುವುದರಿಂದ ಸಿಡಿಯುವ ಭಯವಿಲ್ಲ.

ಇಷ್ಟು ಒಳ್ಳೆಯ ಔಷಧ ಒಮ್ಮೆ ನನಗೆ ಕೈಕೊಟ್ಟಿತು. ಎರಡನೆಯ ಸಲ ಗುಳಿಗೆ ತರಲು ಹೋದಾಗ ಔಷಧ ಅಂಗಡಿಯವರು ಗಾಜಿನ ಸೀಸೆಯಿಂದ ಹತ್ತು ಗುಳಿಗೆ ಎಣಿಸಿ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ಸೀಸೆ ಯಾಕ ಬೇಕ್ರಿ, ಇದನ್ನ ಕಿಸೆದಾಗ ಇಟ್ಕೋರಿ" ಎಂದರು. ನಾನು ಹಾಗೆಯೇ ಮಾಡಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ದುರ್ಗದಬೈಲಿನಿಂದ ಸಂತೆ ಮುಗಿಸಿ ಎರಡು ಕೈಚೀಲ ಹೊತ್ತು ಬರುವಾಗ ನೋವು ಬಂತು. ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತು ಗುಳಿಗೆ ಇಟ್ಟುಕೊಂಡರೆ ಐದು ನಿಮಿಷವಾದರೂ ನೋವು ಕದಲಲಿಲ್ಲ. ಪಕ್ಕದಲ್ಲಿದ್ದವರು 108ಕ್ಕೆ ಕರೆಮಾಡಿದರು, ಆಸ್ಪತ್ರೆಯಲ್ಲಿ ಸುಧಾರಿಸಿತು. ನೈಟ್ರೋಗ್ಲಿಸರಿನ್ ಹಾರಿಹೋಗುವ ಸ್ವಭಾವದ್ದು, ಬಿಸಿ, ಬೆಳಕು, ತೇವಗಳಿಗೆ ಕೆಡುತ್ತದೆ, ಪ್ಲಾಸ್ಟಿಕ್ಕೂ ಹತ್ತಿಯೂ ಅದನ್ನು ಹೀರಿಕೊಳ್ಳುತ್ತವೆ, ಆದ್ದರಿಂದ ಅದು ಬಂದ ಗಾಜಿನ ಸೀಸೆಯಲ್ಲಿಯೇ ಬಿರಡೆ ಬಿಗಿಮಾಡಿ ಇಡಬೇಕು ಎಂದು ತಜ್ಞರು ವಿವರಿಸಿದಾಗ ನನಗೆ ನಿಜವಾಗಿಯೂ ನೋವಾಯಿತು. ಈ ಒಂದು ಮಾತನ್ನು ಹೇಳಲು ಅಂಗಡಿಯವರಿಗೆ ಅರ್ಧ ನಿಮಿಷ ಸಾಕಿತ್ತು.

ಆಮೇಲೆ ತಜ್ಞರು ಸ್ಪ್ರೇ ಬರೆದುಕೊಟ್ಟರು. ಒಮ್ಮೆ ಒತ್ತಿದರೆ 0.4 ಮಿಲಿಗ್ರಾಂ ಬರುತ್ತದೆ. ಹೊಸ ಡಬ್ಬಿಯನ್ನು ಮೊದಲು ಕೆಲವು ಸಲ ಗಾಳಿಗೆ ಒತ್ತಿ ಸಿದ್ಧಪಡಿಸಬೇಕು, ಅಲುಗಾಡಿಸಬಾರದು, ಬೆಂಕಿಯ ಹತ್ತಿರ ಒತ್ತಬಾರದು; ಬಾಯಿ ತೆರೆದು ನಾಲಿಗೆಯ ಕೆಳಗೆ ಒತ್ತಿ ಬಾಯಿ ಮುಚ್ಚಬೇಕು, ದಮ್ಮಿನ ಔಷಧದಂತೆ ಒಳಗೆ ಎಳೆದುಕೊಳ್ಳಬಾರದು. ಬಿಗಿಯಾಗಿ ಮುಚ್ಚಿದ ಡಬ್ಬಿಯಾದ್ದರಿಂದ ಅವಧಿ ಮುಗಿಯುವ ತನಕ ಶಕ್ತಿ ಉಳಿಯುತ್ತದೆ, ಬಾಯಿ ಒಣಗಿದವರಿಗೂ ಕೆಲಸ ಮಾಡುತ್ತದೆ. ಗುಳಿಗೆಗಿಂತ ದುಬಾರಿ, ಎಲ್ಲ ಅಂಗಡಿಗಳಲ್ಲಿ ಸಿಗುವುದೂ ಇಲ್ಲ, ನಾನು ಒಂದು ವಾರ ಮುಂಚೆ ಹೇಳಿ ತರಿಸಿಕೊಳ್ಳುತ್ತೇನೆ. ಆದರೂ ನನ್ನ ಆಯ್ಕೆ ಸ್ಪ್ರೇಯೇ.

ಎರಡರಲ್ಲಿಯೂ ತಲೆನೋವು ತಪ್ಪಿದ್ದಲ್ಲ. ಕಣತಲೆ ಪಟಪಟ ಹೊಡೆದುಕೊಳ್ಳುತ್ತದೆ, ಮುಖ ಬಿಸಿಯಾಗುತ್ತದೆ. ರಕ್ತದೊತ್ತಡ ಒಮ್ಮೆಲೇ ಇಳಿಯುವುದರಿಂದ ನಿಂತುಕೊಂಡು ತೆಗೆದುಕೊಂಡರೆ ಕಣ್ಣು ಕತ್ತಲೆ ಬಂದು ಬೀಳುವ ಅಪಾಯವಿದೆ, ಕುಳಿತೇ ತೆಗೆದುಕೊಳ್ಳಬೇಕು. ಮೊದಲ ಸಲದ ಐದು ನಿಮಿಷಕ್ಕೂ ನೋವು ಇಳಿಯದಿದ್ದರೆ ಕಾಯದೆ 108ಕ್ಕೆ ಕರೆಮಾಡಬೇಕು. ವಾಹನ ಬರುವ ತನಕ ಐದೈದು ನಿಮಿಷಕ್ಕೊಮ್ಮೆ ಒಟ್ಟು ಮೂರು ಸಲದ ವರೆಗೆ ತೆಗೆದುಕೊಳ್ಳಬಹುದು ಎಂಬುದು ನನಗೆ ಕೊಟ್ಟ ಸೂಚನೆ. ಗುಳಿಗೆಗೆ ನೋವು ಇಳಿಯಿತೆಂದ ಮಾತ್ರಕ್ಕೆ ಅದು ಹೃದಯದ್ದೇ ಎಂದು ತಿಳಿಯುವಂತೆಯೂ ಇಲ್ಲ, ಅನ್ನನಾಳದ ಸೆಳೆತವೂ ಇದಕ್ಕೆ ಇಳಿಯುತ್ತದೆ.

ತಜ್ಞರು ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದ ಒಂದು ಪ್ರಶ್ನೆಗಾಗಿ ನಾನು ಅವರಿಗೆ ಋಣಿ: ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ಗುಳಿಗೆ ತೆಗೆದುಕೊಳ್ಳುತ್ತೀರಾ? ಸಿಲ್ಡೆನಾಫಿಲ್ ತೆಗೆದುಕೊಂಡ 24 ತಾಸಿನೊಳಗೆ, ಟಡಾಲಾಫಿಲ್ ತೆಗೆದುಕೊಂಡ 48 ತಾಸಿನೊಳಗೆ ನೈಟ್ರೋಗ್ಲಿಸರಿನ್ ಬಿದ್ದರೆ ರಕ್ತದೊತ್ತಡ ಪ್ರಾಣಕ್ಕೇ ಎರವಾಗುವಷ್ಟು ಕುಸಿಯಬಹುದು. ನಾಚಿಕೆಯಿಂದ ಇದನ್ನು ಮುಚ್ಚಿಡುವವರು ನಮ್ಮಲ್ಲಿ ಬಹಳ ಜನ; ಔಷಧ ಅಂಗಡಿಯಲ್ಲಂತೂ ಯಾರೂ ಕೇಳಿಲ್ಲ.

ನಮ್ಮ ಕಡೆ ಹೆಚ್ಚಿನವರ ಕಿಸೆಯಲ್ಲಿರುವ ಸಾರ್ಬಿಟ್ರೇಟ್ ಇದಲ್ಲ. ಅದು ಐಸೋಸಾರ್ಬೈಡ್ ಡೈನೈಟ್ರೇಟ್, ಇದೇ ಬಳಗದ್ದು, ಆರಂಭ ಸ್ವಲ್ಪ ನಿಧಾನ, ಪರಿಣಾಮ ಹೆಚ್ಚು ಹೊತ್ತು. ಒಂದನ್ನು ಬರೆದಿದ್ದರೆ ಅಂಗಡಿಯವರು ಇನ್ನೊಂದನ್ನು ಕೊಡುವಾಗ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಈಗ ಒಂದು ಸ್ಪ್ರೇ ನನ್ನ ಹೆಗಲಚೀಲದ ಹೊರಗಿನ ಖಾನೆಯಲ್ಲಿದೆ, ಇನ್ನೊಂದು ಪಡಸಾಲೆಯ ಗೂಡಿನಲ್ಲಿ. ಎರಡರ ಮೇಲೂ ತೆರೆದ ತಾರೀಖನ್ನು ಹೆಂಡತಿ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾಳೆ. ತಜ್ಞರು ಹೇಳಿದಂತೆ ಏರು ಶುರುವಾಗುವ ಐದು ನಿಮಿಷ ಮುಂಚೆ ಕುಳಿತು ಒಮ್ಮೆ ಒತ್ತಿಕೊಂಡು, ನೃಪತುಂಗ ಬೆಟ್ಟದ ಅರ್ಧದ ವರೆಗೆ ಮತ್ತೆ ಹೋಗತೊಡಗಿದ್ದೇನೆ.