ಡಿಕ್ಕಿ ತೆರೆಯುತ್ತಿಲ್ಲವೇ? ಲಾಚ್ ಬದಲಾಯಿಸಲು ಒಪ್ಪುವ ಮುಂಚೆ ವೈರ್ ನೋಡಿಸಿ

10,030 ರೂಪಾಯಿ. ಒಂದು ವೈರ್ ತುಂಡಾಗಿದ್ದಕ್ಕೆ ನನ್ನಿಂದ ಕಿತ್ತುಕೊಂಡ ದುಡ್ಡು ಇದು. ಅದೂ ಆ ವೈರನ್ನು ಮುಟ್ಟಿಯೂ ನೋಡದೆ! ಬಟನ್ ಒತ್ತಿ ಡಿಕ್ಕಿ ತೆರೆಯುವ ಕಾರು ಇರುವವರು ದಯವಿಟ್ಟು ಓದಿ, ವರ್ಕ್‌ಶಾಪಿಗೆ ಹೋಗುವ ಮುಂಚೆಯೇ ಓದಿ.

ನಮ್ಮದು 7 ವರ್ಷ ಹಳೆಯ ಕಾರು. ಹಿಂದಿನ ಬಾಗಿಲಿಗೆ ಕೀ ಹಾಕುವ ಜಾಗವೇ ಇಲ್ಲ. ನಂಬರ್ ಪ್ಲೇಟ್ ಮೇಲೆ ಒಂದು ಮೆತ್ತನೆಯ ರಬ್ಬರ್ ಸ್ವಿಚ್ ಇದೆ. ಅದನ್ನು ಒತ್ತಿದರೆ ಲಾಚ್ (ಬಾಗಿಲನ್ನು ಹಿಡಿದಿಡುವ ಕೊಕ್ಕೆಯ ಲಾಕ್) ಒಳಗಿನ ಪುಟ್ಟ ಮೋಟರ್ ತಿರುಗಿ ಬಾಗಿಲು ಬಿಟ್ಟುಕೊಳ್ಳುತ್ತದೆ. ಈ ಮಳೆಗಾಲದಲ್ಲಿ ಅದು ಒಂದು ಸಲ ತೆರೆದರೆ ಇನ್ನೊಂದು ಸಲ ಇಲ್ಲ. ಅದೇ ಹೊತ್ತಿಗೆ ನಂಬರ್ ಪ್ಲೇಟ್ ಲೈಟೂ ಹೋಯಿತು, ಹಿಂದಿನ ವೈಪರೂ ನಿಂತಿತು.

ಈ ಮೂರನ್ನೂ ನಾನು ಸರ್ವಿಸ್ ಅಡ್ವೈಸರ್‌ಗೆ ಹೇಳಿದ್ದೆ. ಮೂರನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ. ಅದರ ಕಾಪಿ ಇವತ್ತಿಗೂ ನನ್ನ ಹತ್ತಿರ ಇದೆ. ಆ ಮನುಷ್ಯ ಹೇಳಿದ್ದು ಇಷ್ಟು: "ಲೈಟ್‌ಗೆ ಬಲ್ಬ್ ಹೋಗಿರುತ್ತೆ ಮೇಡಂ, ವೈಪರ್ ಆಮೇಲೆ ನೋಡೋಣ. ಡಿಕ್ಕಿದು ಲಾಚ್ ಅಸೆಂಬ್ಲಿನೇ ಹೋಗಿದೆ." ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. ಬಿಚ್ಚದೇ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಸ್ಕ್ಯಾನರ್‌ನಲ್ಲಿ ಬಂದಿದೆ" ಅಂದರು. ಏನು ಬಂದಿದೆ ತೋರಿಸಿ ಅಂದರೆ, "ಮನೇಲಿ ಸರ್ ಇದ್ದರೆ ಫೋನ್ ಕೊಡಿ ಮೇಡಂ, ಸ್ವಲ್ಪ ಟೆಕ್ನಿಕಲ್ ವಿಷಯ, ಅವರಿಗೆ ಹೇಳ್ತೀನಿ."

ಕಾರು ನನ್ನ ಹೆಸರಿನಲ್ಲಿದೆ. ಓಡಿಸುವವಳು ನಾನು. ಬಿಲ್ ಕಟ್ಟುವವಳೂ ನಾನು. ಆದರೆ ಉತ್ತರ ಮಾತ್ರ ನಮ್ಮ ಯಜಮಾನರಿಗೆ!

ಲಾಚ್ 6,400, ಲೇಬರ್ 1,400, ಸ್ಕ್ಯಾನಿಂಗ್ 700, ಮೇಲೆ 18% ಜಿಎಸ್‌ಟಿ. ಹಳೆಯ ಪಾರ್ಟ್ ವಾಪಸ್ ಕೊಡಿ ಅಂತ ಮೊದಲೇ ಹೇಳಿದ್ದೆ. ಮುಖ ಸಣ್ಣ ಮಾಡಿಕೊಂಡು ಕೊಟ್ಟರು. ಬಾಗಿಲು ತೆರೆದು ತೋರಿಸಿದರು, ತೆರೆಯಿತು. ಬಲ್ಬೂ ಹೊಸದು ಹಾಕಿದ್ದರು, ಲೈಟ್ ಮಾತ್ರ ಉರಿಯಲಿಲ್ಲ. "ನೆಕ್ಸ್ಟ್ ಸರ್ವಿಸಲ್ಲಿ ನೋಡೋಣ ಮೇಡಂ."

ಆಮೇಲೆ ಸ್ವಲ್ಪ ದಿನಕ್ಕೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೇಟ್ ಎದುರೇ ಡಿಕ್ಕಿ ಕೈಕೊಟ್ಟಿತು. ಅವರ ವಾಕರ್ ಒಳಗೆ. ಹಿಂದೆ ಆಂಬುಲೆನ್ಸ್, ಸೆಕ್ಯುರಿಟಿಯವರು ಸೀಟಿ ಊದುತ್ತಿದ್ದಾರೆ. ಅತ್ತೆ ಕಾರಿನ ಬಾಗಿಲು ಹಿಡಿದುಕೊಂಡು ಮಳೆಯಲ್ಲಿ ನಿಂತಿದ್ದಾರೆ. ನಾನು ಹಿಂದಿನ ಸೀಟ್ ಮಡಚಿ, ಒಳಗೆ ತೆವಳಿಕೊಂಡು ಹೋಗಿ ವಾಕರ್ ಎಳೆದು ತಂದೆ. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಆ ನಾಚಿಕೆ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಅದೇ ವರ್ಕ್‌ಶಾಪಿಗೆ ವಾಪಸ್ ಹೋದರೆ ಏನು ಹೇಳಬೇಕು? "ಲಾಚ್ ಸರಿ ಇದೆ ಮೇಡಂ, ಹೊಸದು ಅಲ್ವಾ. ಬಿಸಿಎಂ ಹೋಗಿದೆ." ಬಿಸಿಎಂ ಅಂದರೆ ಲೈಟು, ಲಾಕು, ವೈಪರನ್ನೆಲ್ಲ ನೋಡಿಕೊಳ್ಳುವ ಕಂಟ್ರೋಲ್ ಬಾಕ್ಸ್. ಎಸ್ಟಿಮೇಟ್ 22,000, ಕೋಡಿಂಗ್ ಚಾರ್ಜ್ ಬೇರೆ. ಹಾಗಾದರೆ ಮೊದಲು ಲಾಚ್ ಯಾಕೆ ಬದಲಾಯಿಸಿದಿರಿ? "ಅದೂ ವೀಕ್ ಆಗಿತ್ತು."

ನಾನು ಕಾರು ತೆಗೆದುಕೊಂಡು ಸೀದಾ ನಮ್ಮ ಏರಿಯಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಚಿಕ್ಕ ಶೆಡ್, ಬೋರ್ಡೂ ಸರಿಯಾಗಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: "ಅಕ್ಕ, ಹಿಂದಿನ ವೈಪರ್ ಓಡುತ್ತಾ? ನಂಬರ್ ಲೈಟ್ ಬರುತ್ತಾ?" ನನಗೆ ಮೈಯೆಲ್ಲ ಉರಿದುಹೋಯಿತು. ಜಾಬ್ ಕಾರ್ಡಿನಲ್ಲಿ ನಾನೇ ಬರೆಸಿದ್ದು ಅದನ್ನೇ ಅಲ್ವಾ!

ಸೀಟಿನ ಕಡೆಯಿಂದ ಒಳಗೆ ಹೋಗಿ, ಬಾಗಿಲಿನ ಕವರಿನಲ್ಲಿರುವ ಚಿಕ್ಕ ಮುಚ್ಚಳ ತೆಗೆದು, ಸ್ಕ್ರೂಡ್ರೈವರ್‌ನಿಂದ ಲಾಚ್ ತಳ್ಳಿ ಡಿಕ್ಕಿ ತೆರೆದರು. ನಂತರ ಮೇಲೆ, ಕಾರಿನ ಛಾವಣಿಗೂ ಬಾಗಿಲಿಗೂ ನಡುವೆ ಇರುವ ಮಡಿಕೆ ಮಡಿಕೆಯ ರಬ್ಬರ್ ಪೈಪನ್ನು ಹಿಂದಕ್ಕೆ ಸರಿಸಿದರು. ಒಳಗಿಂದ ನೀರು ತೊಟ್ಟಿಕ್ಕಿತು. ವೈರುಗಳ ಗೊಂಚಲಿನಲ್ಲಿ ಎರಡು ಪೂರ್ತಿ ತುಂಡು. ಇನ್ನೊಂದರ ಸಿಪ್ಪೆ ಒಡೆದು, ಒಳಗಿನ ತಾಮ್ರ ಹಸಿರುಗಟ್ಟಿ, ಒಂದೆರಡು ಎಳೆಯಲ್ಲಿ ಹಿಡಿದುಕೊಂಡಿತ್ತು. ಡಿಕ್ಕಿಯ ಸ್ವಿಚ್, ಲಾಚ್, ವೈಪರ್, ನಂಬರ್ ಲೈಟ್ ಎಲ್ಲದರ ವೈರೂ ಆ ಪೈಪಿನಲ್ಲೇ ಹೋಗುವುದಂತೆ. ಬಾಗಿಲು ಎತ್ತಿ ಇಳಿಸಿದಾಗಲೆಲ್ಲ ಅಲ್ಲೇ ಬಗ್ಗುತ್ತದೆ, ವರ್ಷಗಟ್ಟಲೆ ಬಗ್ಗಿ ಬಗ್ಗಿ ತುಂಡಾಗುತ್ತದೆ. ಆ ಎಳೆಗಳು ತಾಗಿದಾಗ ಡಿಕ್ಕಿ ತೆರೆಯುತ್ತದೆ, ಬಿಟ್ಟುಕೊಂಡಾಗ ಇಲ್ಲ. ವರ್ಕ್‌ಶಾಪಿನಲ್ಲಿ "ರಿಪೇರಿ" ಆಗಿದ್ದೂ ಹಾಗೆಯೇ.

ನಾನು ಚೀಲದಿಂದ ಹಳೆಯ ಲಾಚ್ ತೆಗೆದು ಕೊಟ್ಟೆ. ಅವರು ನೆಲದ ಮೇಲಿದ್ದ ಬ್ಯಾಟರಿಯಿಂದ ಎರಡು ವೈರ್ ಎಳೆದು ತಾಗಿಸಿದರು. ಟಕ್! ಕೊಕ್ಕೆ ಬಿಟ್ಟಿತು. ಮತ್ತೆ ಕೊಕ್ಕೆ ಕೂರಿಸಿ ತಾಗಿಸಿದರು. ಟಕ್! "ಅಕ್ಕ, ಇದಕ್ಕೇನೂ ಆಗಿಲ್ಲ." ಏನೂ ಆಗಿರಲಿಲ್ಲ. ನಾನು ಅಲ್ಲೇ ವಿಡಿಯೋ ಮಾಡಿಕೊಂಡೆ, ಕೈ ನಡುಗುತ್ತಿತ್ತು. ಅವರು ಬರೀ ತಿರುಚಿ ಟೇಪ್ ಸುತ್ತಲಿಲ್ಲ. ಹೊಸ ಮೆತ್ತನೆಯ ವೈರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿದರು. 900 ರೂಪಾಯಿ. ಡಿಕ್ಕಿ, ವೈಪರ್, ಲೈಟ್ ಮೂರೂ ಸರಿಯಾದವು.

ವಿಡಿಯೋ ಕಳಿಸಿದಾಗ ವರ್ಕ್‌ಶಾಪಿನಿಂದ ಬಂದ ಉತ್ತರಗಳು: "ಹೊರಗಡೆ ಕೆಲಸ ಮಾಡಿಸಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ." "ಎಲೆಕ್ಟ್ರಿಕಲ್ ಪಾರ್ಟ್ಸ್ ರಿಟರ್ನ್ ಇಲ್ಲ." ಜಾಬ್ ಕಾರ್ಡಿನ ಫೋಟೋ ಹಾಕಿದ ಮೇಲೆ ಎರಡು ದಿನ ನೀಲಿ ಟಿಕ್ ಮಾತ್ರ. ಆಮೇಲೆ: "ಮುಂದಿನ ಸರ್ವಿಸ್‌ಗೆ 10% ಡಿಸ್ಕೌಂಟ್ ಕೊಡ್ತೀವಿ ಮೇಡಂ, ರಿವ್ಯೂ ಹಾಕಬೇಡಿ."

ನಿಮ್ಮ ಕಾರಿನಲ್ಲಿ ಡಿಕ್ಕಿಯ ಜೊತೆ ವೈಪರ್ ಅಥವಾ ನಂಬರ್ ಲೈಟೂ ಕೆಟ್ಟಿದ್ದರೆ ಆ ರಬ್ಬರ್ ಪೈಪ್ ನಿಮ್ಮ ಎದುರೇ ಬಿಚ್ಚಿಸಿ. ಲಾಚ್ ಹೋಗಿದೆ ಅಂದರೆ ಅದಕ್ಕೆ ಕರೆಂಟ್ ಬರುತ್ತಿದೆಯಾ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ತೋರಿಸಲು ಹೇಳಿ. ತೋರಿಸದಿದ್ದರೆ ಕಾರು ವಾಪಸ್ ತನ್ನಿ. ಹಳೆಯ ಪಾರ್ಟ್ ಬಿಟ್ಟುಬರಲೇಬೇಡಿ, ನನ್ನ ಕೈಯಲ್ಲಿರುವ ಸಾಕ್ಷಿ ಅದೇ.

1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಅವರ ಡಿಸ್ಕೌಂಟ್ ನನಗೆ ಬೇಡ. 10,030 ರೂಪಾಯಿ ವಾಪಸ್ ಬೇಕು.